ಬಾಗಿಲ ಹಿಂದಿನ ಸಂದು

ಮಗು ಎಡವಿದರೆ ಹೊಸ್ತಿಲಿಗೆ, ತಲೆ ತಾಗಿಸಿಕೊಂಡರೆ ಕಂಬಕ್ಕೆ ಎರಡೇಟು ಕೊಟ್ಟು "ನಮ್ಮ ಕೂಸನ್ನ ಅಳಿಸ್ತೀಯಾ?" ಎಂದು ಗದರುವುದು ನಮ್ಮ ಅಜ್ಜಿಯರ ನ್ಯಾಯ. ಶಾಲೆಯ ನ್ಯಾಯ ಬೇರೆ. ಎರಡನೇ ಕ್ಲಾಸಿನಲ್ಲಿ ನನ್ನ ಉಂಗುರದ ಬೆರಳು ಬಾಗಿಲ ಸಂದಿಗೆ ಸಿಕ್ಕಿದಾಗ ಮೇಷ್ಟ್ರು ಕೇಳಿದ್ದು ಒಂದೇ ಮಾತು: "ಅಲ್ಲಿ ಯಾಕೋ ಕೈ ಇಟ್ಟೆ?" ಆಯಾ ಓಡಿಬಂದು ಒಂದು ಹಿಡಿ ಕಾಫಿಪುಡಿ ಮೆತ್ತಿದರು. (ದಯವಿಟ್ಟು ಹಾಗೆ ಮಾಡಬೇಡಿ, ಡಾಕ್ಟರು ಮೊದಲು ಅದನ್ನೇ ತೊಳೆದು ತೆಗೆಯಬೇಕಾಗುತ್ತದೆ.) ಹಳೆಯ ಉಗುರು ಉದುರಿ ಹೊಸದು ಬಂತು, ಸೊಟ್ಟಗೆ.

ಬಾಗಿಲೆಂದರೆ ಎಲ್ಲರೂ ಹೆದರುವುದು ಚಿಲಕದ ಕಡೆಗೆ. ಅಪಾಯ ಇರುವುದು ಹಿಂಜಸ್ ಕಡೆ. ಅಡಕತ್ತರಿಯಲ್ಲಿ ಗಟ್ಟಿ ಅಡಿಕೆಯನ್ನು ಕೀಲಿನ ಬುಡಕ್ಕೆ ಸರಿಸಿ ಹಿಡಿಯುವುದು ಯಾಕೆ? ಇಲ್ಲೂ ಅದೇ ಲೆಕ್ಕ. ಮೂರಡಿ ಅಗಲದ ಬಾಗಿಲನ್ನು ಅಂಚಿನಲ್ಲಿ ತಳ್ಳಿದರೆ, ಕೀಲಿನಿಂದ ಒಂದಂಗುಲ ದೂರದಲ್ಲಿರುವ ಬೆರಳಿನ ಮೇಲೆ ಅದರ 30 ಪಟ್ಟಿಗೂ ಮೀರಿದ ಬಲ ಬೀಳುತ್ತದೆ. ತಳ್ಳಿದವನಿಗೆ ಏನೂ ಗೊತ್ತಾಗುವುದಿಲ್ಲ. ಕಣ್ಣಾಮುಚ್ಚಾಲೆಯಲ್ಲಿ ಬಾಗಿಲ ಹಿಂದೆ ಅವಿತ ಮಗು ಇಣುಕುವುದು, ಬೆರಳು ತೂರಿಸುವುದು ಆ ಸಂದಿಗೇ.

ಹಿಂಜಸ್ ಬರುವ ಮುಂಚೆ ಕದಕ್ಕೆ ಮೇಲೂ ಕೆಳಗೂ ಒಂದೊಂದು ಗೂಟ, ಅದು ಕೂರಲು ಒಂದೊಂದು ಗುಳಿ. ಹಂಪಿಯ ಮಹಾನವಮಿ ದಿಬ್ಬದ ಹತ್ತಿರ ಕಲ್ಲಿನ ಕದಗಳಿವೆ; ಮರದ ಬಾಗಿಲಿನ ಪಟ್ಟಿಗಳನ್ನೂ ಬಿಡದೆ ಕಲ್ಲಿನಲ್ಲೇ ಕಡೆದಿದ್ದಾರೆ. ಅಜ್ಜಿಮನೆಯ ಹಲಸಿನ ಕದವೂ ಗೂಟದ್ದೇ. ಅದನ್ನು ಎಳೆಯಲು ಎರಡು ಕೈ ಬೇಕಿತ್ತು, ಹೊರಳುವಾಗ ಊರಿಗೆಲ್ಲ ಕೇಳುವ ಹಾಗೆ ಕಿರುಗುಟ್ಟುತ್ತಿತ್ತು. ಶಾಲೆಯ ಬಾಗಿಲಿಗೆ ಆ ಸೌಜನ್ಯ ಇರಲಿಲ್ಲ. ಎಣ್ಣೆ ಬಿಟ್ಟ ಹಿಂಜಸ್ಸು, ಹಗುರ ಹಲಗೆ. ಆಷಾಢದ ಗಾಳಿ ಬೀಸಿದರೆ ಧಡಾರ್!

ಇಂಗ್ಲೆಂಡಿನ ಶೆಫೀಲ್ಡಿನ ವೈದ್ಯೆ ಸಿಂಥಿಯಾ ಇಲಿಂಗ್‌ವರ್ತ್ 1974ರಲ್ಲಿ ಹೀಗೆ ಸಿಕ್ಕಿಕೊಂಡ ಬೆರಳುಗಳ ಬಗ್ಗೆಯೇ ಒಂದು ಲೇಖನ ಬರೆದರು. ಮಕ್ಕಳ ಬೆರಳು ಕೊನೆಯ ಗೆಣ್ಣಿನಿಂದಾಚೆಗೆ ತುಂಡಾಗಿದ್ದರೆ, ಹೊಲಿಗೆ ಹಾಕದೆ ಬರೀ ಡ್ರೆಸಿಂಗ್ ಮಾಡಿದರೂ ತುದಿ ಮತ್ತೆ ಬೆಳೆಯುತ್ತದೆ ಎಂದು ಅವರು ಕಂಡಿದ್ದರು. ಓದಿದಾಗ ಮೈ ಜುಮ್ಮೆಂದಿತು. ಹಾಗಂತ, ಬೆಳೆಯುತ್ತದಲ್ಲ ಬಿಡಿ ಎಂದು ಯಾರೂ ಕೂರುವಂತಿಲ್ಲ. ಜಜ್ಜಿದ ಮೂಳೆಯ ಕಥೆಯೇ ಬೇರೆ.

ನನ್ನ ಓಟು ಅಜ್ಜಿಗೇ. ತಪ್ಪು ಬಾಗಿಲದು, ತಿದ್ದಬೇಕಾದದ್ದೂ ಬಾಗಿಲನ್ನೇ. ಫಿಂಗರ್ ಗಾರ್ಡ್ ಎಂಬ ಬಾಗುವ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ. ಬಾಗಿಲಿಗೊಂದು ಅಂಚು, ಚೌಕಟ್ಟಿಗೊಂದು ಅಂಚು ಸೇರಿಸಿ ಕೂರಿಸಿದರೆ ಸಂದು ಮುಚ್ಚಿತು. ಗಾಳಿಗೆ ಬಡಿಯದಂತೆ ಗೋಡೆಗೊಂದು ಕೊಕ್ಕೆ ಇದ್ದರೆ ಇನ್ನೂ ಒಳ್ಳೆಯದು. ಬಡಗಿಗೆ ಇದು ಅರ್ಧ ದಿನದ ಕೆಲಸವೂ ಅಲ್ಲ.

ಮುಂದಿನ ಸಲ ಪೇರೆಂಟ್ಸ್ ಮೀಟಿಂಗಿಗೆ ಹೋದಾಗ ಅಂಕಪಟ್ಟಿಗೆ ಸಹಿ ಹಾಕಿ ಹಾಗೇ ಎದ್ದು ಬರಬೇಡಿ. ಒಂದನೇ ಕ್ಲಾಸಿನ ಬಾಗಿಲ ಹಿಂಬದಿ ಒಮ್ಮೆ ನೋಡಿ. ಪಟ್ಟಿ ಇಲ್ಲದಿದ್ದರೆ ಹೆಡ್‌ಮೇಷ್ಟ್ರಿಗೆ ಹೇಳಿ. ಸರ್ಕಾರಿ ಶಾಲೆಯಾದರೆ ಎಸ್‌ಡಿಎಂಸಿ ಸಭೆಯಲ್ಲಿ ಎದ್ದು ನಿಂತು ಕೇಳಿ.