ಖಾಲಾ ಕೇಳಬಯಸಿದ ದನಿ

ನಮ್ಮ ಕುಂದಾಪುರದ ಕಡೆ ರೇಡಿಯೋ ಎಂದರೆ ಬರೀ ಹಾಡು, ವಾರ್ತೆಯ ಪೆಟ್ಟಿಗೆಯಲ್ಲ. ಗಂಡಸರು ಒಂದೋ ಕಡಲಿಗೆ, ಇಲ್ಲವೇ ಕಡಲಾಚೆಯ ಕೊಲ್ಲಿಗೆ ಹೋಗುವ ಊರಿದು. ಮನೆಯಲ್ಲಿ ಉಳಿದವರಿಗೆ ದೂರದ ದನಿಯೊಂದೇ ಆಸರೆ. ಗಂಗೊಳ್ಳಿಯ ನನ್ನ ಖಾಲಾ ಇವತ್ತಿಗೂ ಹವಾಮಾನದ ಸುದ್ದಿ ಬರುವ ಹೊತ್ತಿಗೆ ಮನೆಯವರನ್ನೆಲ್ಲ ಸುಮ್ಮನಿರಿಸುತ್ತಾರೆ. ಅವರ ಕಿರಿಯ ಮಗ ಮೀನುಗಾರಿಕಾ ಬೋಟಿನಲ್ಲಿ ದುಡಿಯುತ್ತಾನೆ. ಒಮ್ಮೆ ಹೋದರೆ ಹತ್ತು ದಿನ ಸುದ್ದಿಯಿಲ್ಲ.

ಕಳೆದ ವರ್ಷ ಖಾಲಾನ ಮೊಮ್ಮಗ, ಕಾಲೇಜು ಹುಡುಗ, ನನ್ನ ಬಳಿ ಬಂದ. ಹಳೆಯ ಟ್ರಾನ್ಸಿಸ್ಟರುಗಳನ್ನು ಬಿಚ್ಚಿ ಜೋಡಿಸುವ ಹುಚ್ಚು ನನಗಿದೆ ಎಂಬುದು ಅವನಿಗೆ ಗೊತ್ತು. "ಮಾಮು, ಅಂಗೈಯಲ್ಲಿ ಹಿಡಿಯುವ ಸ್ಕ್ಯಾನರ್ ಒಂದು ತರಿಸಬೇಕೆಂದಿದ್ದೇನೆ. ಬೋಟಿನವರು ವಯರ್‌ಲೆಸ್‌ನಲ್ಲಿ ಮಾತಾಡುವುದನ್ನು ನಾನಿ ಮನೆಯಲ್ಲೇ ಕೇಳಬಹುದು. ಯಾವ ಆಂಟೆನಾ ಹಾಕಿದರೆ ಒಳ್ಳೆಯದು?" ಎಂದ.

ಪ್ರಶ್ನೆ ಸಣ್ಣದು, ಉತ್ತರ ಉದ್ದ. ಎಲ್ಲದಕ್ಕೂ ಒಳ್ಳೆಯದಾದ ಆಂಟೆನಾ ಎಂಬುದಿಲ್ಲ. ಯಾವ ಅಲೆಯನ್ನು ಹಿಡಿಯಬೇಕೋ ಅದಕ್ಕೆ ತಕ್ಕ ಕಡ್ಡಿ ಬೇಕು. 300ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ಅಲೆಯ ಉದ್ದ ಮೀಟರಿನಲ್ಲಿ ಸಿಗುತ್ತದೆ. ಅದರ ಕಾಲು ಭಾಗದಷ್ಟು ಉದ್ದದ ಕಡ್ಡಿ ಚೆನ್ನಾಗಿ ಹಿಡಿಯುತ್ತದೆ. ಮಂಗಳೂರು ಆಕಾಶವಾಣಿಯ ಎಫ್.ಎಂ. 100.3ಕ್ಕೆ ಸುಮಾರು 75 ಸೆಂಟಿಮೀಟರ್. ವಿಮಾನಗಳ ಮಾತಿಗೆ 60ರ ಆಸುಪಾಸು. ಕಡಲಿನವರು ಕರೆಗೂ ಅಪಾಯಕ್ಕೂ ಬಳಸುವ 16ನೇ ಚಾನೆಲ್ 156.8 ಮೆಗಾಹರ್ಟ್ಸ್, ಅದಕ್ಕೆ 48 ಸೆಂಟಿಮೀಟರ್ ಸಾಕು. ಸೆಟ್ಟಿನ ಜೊತೆ ಬರುವ ಮೋಟು ರಬ್ಬರ್ ಕಡ್ಡಿ ಜೇಬಿಗೆ ಹಿತ, ಕಿವಿಗೆ ಅಲ್ಲ. ಎಳೆದು ಉದ್ದ ಮಾಡುವ ಕಡ್ಡಿಯಾದರೆ ಬೇಕಾದ ಅಳತೆಗೆ ನಿಲ್ಲಿಸಿಕೊಳ್ಳಬಹುದು. ಬೋಟಿನ ಕಡ್ಡಿ ನೆಟ್ಟಗೆ ನಿಂತಿರುವುದರಿಂದ ನಮ್ಮದೂ ನೆಟ್ಟಗಿರಬೇಕು, ಮಲಗಿಸಬಾರದು.

"ಹಾಗಾದರೆ ಬ್ರಹ್ಮಾವರದ್ದು?" ಎಂದು ಹುಡುಗ ಕೇಳಿದ. ಮಂಗಳೂರು ಆಕಾಶವಾಣಿ 1976ರಲ್ಲಿ ಶುರುವಾಯಿತು. ಅದರ 1089 ಕಿಲೋಹರ್ಟ್ಸ್ ಮಧ್ಯಮ ತರಂಗಾಂತರದ ಪ್ರಸಾರ ನಮ್ಮ ಮನೆಗಳಿಗೆ ಬರುತ್ತಿದ್ದದ್ದು ಬ್ರಹ್ಮಾವರದ ಗೋಪುರದಿಂದ. ಆ ಅಲೆಯ ಉದ್ದ 275 ಮೀಟರ್. ಅದರ ಕಾಲು ಭಾಗದ ಕಡ್ಡಿಯನ್ನು ಯಾರೂ ಕೈಯಲ್ಲಿ ಹಿಡಿಯಲಾರರು. ಅದಕ್ಕೇ ಟ್ರಾನ್ಸಿಸ್ಟರಿನ ಒಳಗೆ ತಂತಿ ಸುತ್ತಿದ ಫೆರೈಟ್ ಎಂಬ ಕಪ್ಪು ಕೋಲು ಇರುತ್ತದೆ. ಅಬ್ಬಾ ರೇಡಿಯೋವನ್ನು ಆಚೀಚೆ ತಿರುಗಿಸಿ ದನಿ ತಿಳಿಯಾಗುವ ಕಡೆ ನಿಲ್ಲಿಸುತ್ತಿದ್ದುದು ಆ ಕೋಲಿನ ಕಾರಣಕ್ಕೆ. ಮೇಲಿನ ಕಡ್ಡಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಆದರೆ ಬೋಟಿನ ವಯರ್‌ಲೆಸ್‌ಗೆ ಕಡ್ಡಿಗಿಂತ ಎತ್ತರ ಮುಖ್ಯ. ಆ ಅಲೆಗಳು ಹೆಚ್ಚುಕಡಿಮೆ ಕಣ್ಣಿನ ನೋಟದಂತೆ ನೇರ ಸಾಗುತ್ತವೆ. ಭೂಮಿಯ ಉಬ್ಬು ದಾಟಿ ಬಾಗುವುದು ಸ್ವಲ್ಪವೇ. ಬೋಟಿನ ಕಡ್ಡಿ ನೀರಿನಿಂದ 6 ಮೀಟರ್ ಮೇಲಿದ್ದು, ನಾವು ಮರವಂತೆಯ ಮರಳಿನಲ್ಲಿ ನಿಂತರೆ ಸುಮಾರು 15 ಕಿ.ಮೀ. ದೂರದವರೆಗೆ ಕೇಳೀತು. 9 ಮೀಟರ್ ಎತ್ತರದ ತಾರಸಿಯಿಂದ 22. ಬೈಂದೂರಿನ ಒತ್ತಿನೆಣೆಯಂತಹ ಗುಡ್ಡದಲ್ಲಿ, ಕಡಲಿನಿಂದ 50 ಮೀಟರ್ ಮೇಲೆ ನಿಂತೆವೆನ್ನಿ, 40ರ ಹತ್ತಿರ. ಅಂಗಡಿಯ ಅತ್ಯಂತ ದುಬಾರಿ ಆಂಟೆನಾ ತಂದರೂ ಈ ಲೆಕ್ಕ ಹೆಚ್ಚು ಬದಲಾಗದು.

ಖಾಲಾ ಅಲ್ಲೇ ಕುಳಿತು ಎಲೆ ಅಡಿಕೆ ಮೆಲ್ಲುತ್ತ ಎಲ್ಲವನ್ನೂ ಕೇಳುತ್ತಿದ್ದರು. "ಆ ಮಲ್ಪೆಯ ಬೋಟು ಎಷ್ಟು ದೂರದಲ್ಲಿತ್ತು?" ಎಂದರು. ಯಾವ ಬೋಟೆಂದು ಯಾರೂ ಕೇಳಬೇಕಾಗಿರಲಿಲ್ಲ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ, ಏಳು ಮಂದಿ ಮೀನುಗಾರರೊಂದಿಗೆ ಎರಡೇ ದಿನಗಳಲ್ಲಿ ಸಂಪರ್ಕ ಕಳೆದುಕೊಂಡಿತು. 2019ರ ಮೇ ತಿಂಗಳಲ್ಲಿ ನೌಕಾಪಡೆಯ ಐಎನ್ಎಸ್ ನಿರೀಕ್ಷಕ್ ಅದರ ಅವಶೇಷವನ್ನು ಮಹಾರಾಷ್ಟ್ರದ ಮಾಲ್ವಣದ ಬಳಿ ಕಡಲ ತಳದಲ್ಲಿ ಪತ್ತೆ ಮಾಡಿತು. ನಾಲ್ಕೂವರೆ ತಿಂಗಳು ಆ ಮನೆಗಳ ಹೆಂಗಸರು ಹೇಗೆ ಕಾದರೋ! ಮಾಲ್ವಣವೆಂದರೆ ನಮ್ಮಿಂದ ಸುಮಾರು 300 ಕಿ.ಮೀ. "ಅಷ್ಟು ದೂರದ್ದು ಇಲ್ಲಿಗೆ ಯಾವ ಕಡ್ಡಿಯಲ್ಲೂ ಕೇಳಿಸದು ಖಾಲಾ" ಎಂದೆ. ಸುಳ್ಳು ಸಮಾಧಾನ ಹೇಳಲು ಮನಸ್ಸು ಬರಲಿಲ್ಲ.

ಇನ್ನೊಂದು ಮಾತನ್ನೂ ಹುಡುಗನಿಗೆ ಹೇಳಬೇಕಿತ್ತು. ಆಕಾಶವಾಣಿ ಎಲ್ಲರಿಗಾಗಿ ಮಾತಾಡುತ್ತದೆ. ಬೋಟಿನವರ, ಪೊಲೀಸರ ಮಾತು ಅವರವರದು. ಇಂತಹ ಸೆಟ್ಟುಗಳಿಗೆ ಪರವಾನಗಿಯ ಕಾನೂನಿದೆ, ಟ್ರಾನ್ಸಿಸ್ಟರ್ ಕೊಂಡಷ್ಟು ಸಲೀಸಲ್ಲ. ಅಷ್ಟು ಆಸಕ್ತಿಯಿದ್ದರೆ ಹ್ಯಾಮ್ ರೇಡಿಯೋ ಪರೀಕ್ಷೆ ಬರೆದು, ಪರವಾನಗಿ ಪಡೆದು ತಾನೇ ಮಾತಾಡಲಿ.

ಖಾಲಾಗೆ ಬೇಕಿದ್ದದ್ದು ಕದ್ದು ಕೇಳುವ ಕಿವಿಯಲ್ಲ. ಮಗ ಕೂಗಿದರೆ ಯಾರಿಗಾದರೂ ಕೇಳಿಸುತ್ತದೆ ಎಂಬ ಭರವಸೆ. ಅದು ದಡದ ಆಂಟೆನಾದಿಂದ ಬರುವುದಲ್ಲ, ಬೋಟಿನಲ್ಲಿರಬೇಕು. ಇಸ್ರೋದ ಉಪಗ್ರಹದ ಮೂಲಕ ದಡಕ್ಕೂ ಬೋಟಿಗೂ ಕಿರುಸಂದೇಶ ಸಾಗಿಸುವ ಟ್ರಾನ್ಸ್‌ಪಾಂಡರ್‌ಗಳನ್ನು ಕರಾವಳಿ ರಾಜ್ಯಗಳ ಒಂದು ಲಕ್ಷ ಬೋಟುಗಳಿಗೆ ಅಳವಡಿಸುವ ಕೇಂದ್ರದ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿದೆ. ಉಪಗ್ರಹಕ್ಕೆ ಭೂಮಿಯ ಉಬ್ಬು ಅಡ್ಡಬರುವುದಿಲ್ಲ.

ಹುಡುಗ ಸ್ಕ್ಯಾನರ್ ತರಿಸಲಿಲ್ಲ. ಮಾರನೆಯ ದಿನ ಬಂದರಿಗೆ ಹೋಗಿ, "ನಮ್ಮ ಮಾಮುವಿನ ಬೋಟಿಗೆ ಆ ಯಂತ್ರ ಹಾಕಿದ್ದೀರಾ? ಹಾಕಿದ್ದರೆ ಅದನ್ನು ಚಾಲೂ ಇಟ್ಟಿರುತ್ತೀರಾ?" ಎಂದು ಬೋಟಿನ ಮಾಲೀಕರನ್ನು ಕೇಳಿ ಬಂದನಂತೆ. ಕಡಲಿಗೆ ಗಂಡಸರನ್ನು ಕಳಿಸುವ ಪ್ರತಿ ಮನೆಯವರೂ ಕೇಳಲೇಬೇಕಾದ ಪ್ರಶ್ನೆಯದು.