ಗೊಬ್ಬೂರಿನಿಂದ ಉಳವಿಗೆ

ಕಲಬುರಗಿಯಿಂದ ಅಫಜಲಪುರಕ್ಕೆ ಹೋಗುವ ಹಾದಿಯಲ್ಲಿ ಗೊಬ್ಬೂರ ಎಂಬ ಊರು ಸಿಗುತ್ತದೆ. ಹೆಸರು ಕೇಳಿದೊಡನೆ ಕೆಲವರು ರಾಯಚೂರು ಜಿಲ್ಲೆಯ ದೇವದುರ್ಗ ತಾಲೂಕಿನ ಗಬ್ಬೂರನ್ನು ನೆನೆಯುವುದುಂಟು. ಪ್ರಾಚೀನ ಗುಡಿಗಳಿಗೂ ಶಾಸನಗಳಿಗೂ ಹೆಸರಾದ ಆ ಊರು ಬೇರೆ, ಈ ಊರು ಬೇರೆ. ಇದು ಎರೆಭೂಮಿಯ ಒಕ್ಕಲುತನದ ಊರು. ಸುತ್ತಲೂ ಕಣ್ಣು ಹಾಯುವಷ್ಟು ದೂರ ತೊಗರಿ, ಬಿಳಿಜೋಳ, ಕಡಲೆ. ಕಲಬುರಗಿಯ ತೊಗರಿಬೇಳೆಗೆ ೨೦೧೯ರಲ್ಲಿ ಭೌಗೋಳಿಕ ಸೂಚಿಕೆಯ ಮನ್ನಣೆ ದೊರೆತುದನ್ನು ಈ ಸೀಮೆಯ ರೈತರು ಅಭಿಮಾನದಿಂದ ಹೇಳಿಕೊಳ್ಳುತ್ತಾರೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿಯ ಬಿಸಿಲು ೪೨ ಡಿಗ್ರಿಯನ್ನು ದಾಟುವುದು ಸಾಮಾನ್ಯ ಸಂಗತಿ. ವರ್ಷವಿಡೀ ಬೀಳುವ ಮಳೆ ಸುಮಾರು ೭೫೦ರಿಂದ ೮೦೦ ಮಿಲಿಮೀಟರು. ಆಗುಂಬೆಯಲ್ಲಿ ಇದರ ಒಂಬತ್ತು ಪಟ್ಟು ಬೀಳುತ್ತದೆ.

ಇಂಥ ಊರಿನಲ್ಲಿ ಕುಳಿತು ತೇವದ ಮಾತು ಆಡಬೇಕಾಗಿ ಬಂದುದು ಒಂದು ಯಾತ್ರೆಯ ನಿಮಿತ್ತವಾಗಿ. ಗೊಬ್ಬೂರಿನ ನಮ್ಮ ಬಂಧುಗಳ ಮನೆಯವರು ಶ್ರಾವಣಮಾಸದಲ್ಲಿ ಕೂಡಲಸಂಗಮದ ಮೇಲಿಂದ ಉಳವಿಗೆ ಹೋಗಿಬರಲು ನಿಶ್ಚಯಿಸಿದ್ದರು. ನಾವೂ ಅವರೊಡನೆ ಹೊರಟೆವು. ಹೊರಡುವ ಹಿಂದಿನ ದಿನ ಮನೆಯ ಯಜಮಾನರು ಗೋಡೆಯ ಅಲಮಾರಿನಿಂದ ಹಳೆಯ ರೀಲ್ ಕ್ಯಾಮೆರಾ ಒಂದನ್ನು ತೆಗೆದು ನಮ್ಮ ಮುಂದಿಟ್ಟರು. ತೊಗಲಿನ ಚೀಲ, ಅದರ ಮೇಲೊಂದು ರೇಷ್ಮೆ ವಸ್ತ್ರ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಅಷ್ಟು ಜೋಪಾನ! ಬ್ಯಾಟರಿಯ ಬೆಳಕನ್ನು ಮಸೂರದ ಹಿಂದಿನಿಂದ ಬಿಟ್ಟು ಮುಂದಿನಿಂದ ನೋಡಿದಾಗ ಗಾಜಿನ ಒಳಮೈಯಲ್ಲಿ ಜೇಡನ ಬಲೆಯಂತಹ ಬೆಳ್ಳನೆಯ ಎಳೆಗಳು ಹರಡಿದ್ದುದು ಕಂಡಿತು. ಅದು ಬೂಷ್ಟು.

"ನಮ್ ಕಡಿ ಬರೇ ಬಿಸಲ್ರೀ, ಹಸಿ ಎಲ್ಲಿಂದ ಬರಬೇಕು?" ಎಂದು ಯಜಮಾನರು ಕೇಳಿದರು. ಅವರ ಸೋಜಿಗ ಸಹಜವಾದುದೇ. ಆದರೆ ಮನೆಯ ಅವ್ವನವರು ಆ ಮಾತಿಗೆ ಉತ್ತರವಾಗಿ ಒಳಗಿನಿಂದ ಒಂದು ಆಲ್ಬಮ್ ತಂದರು. ಲಿಂಗೈಕ್ಯರಾದ ತಮ್ಮ ಅತ್ತೆಯವರ ಕಡೆಯ ವರ್ಷದ ಚಿತ್ರಗಳೆಲ್ಲ ಅದರಲ್ಲಿದ್ದವು. ಇಷ್ಟಲಿಂಗ ಪೂಜೆಗೆ ಕುಳಿತದ್ದು, ಮೊಮ್ಮಗಳ ಮದುವೆಯಲ್ಲಿ ಅಕ್ಷತೆ ಹಾಕಿದ್ದು, ಎಲ್ಲವೂ ಮಜ್ಜಿಗೆಯ ತಿಳಿಯಲ್ಲಿ ಅದ್ದಿ ತೆಗೆದಂತೆ ಮಸುಕು. ಇಷ್ಟು ವರ್ಷ ಅದನ್ನು ಫೋಟೋ ತೊಳೆದವರ ದೋಷವೆಂದೇ ಆ ಮನೆಯಲ್ಲಿ ತಿಳಿದಿದ್ದರು. ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಅವುಗಳಲ್ಲಿಯೂ ಅದೇ ಮಸುಕು. ಬೆಳಕು ಬೂಷ್ಟಿನ ಎಳೆಗಳಿಗೆ ತಾಗಿ ಚದುರಿಯೇ ಒಳಗೆ ಬಂದಿತ್ತು. ಇನ್ನು ಅದನ್ನು ಯಾರೂ ಸರಿಪಡಿಸಲಾರರು.

ಈ ಬೂಷ್ಟಿನ ಸ್ವಭಾವವನ್ನು ಸ್ವಲ್ಪ ತಿಳಿಯಬೇಕು. ಗಾಳಿಯ ಸಾಪೇಕ್ಷ ಆರ್ದ್ರತೆ ಶೇಕಡಾ ೬೦–೬೫ರ ಮೇಲೆ ಹಲವು ದಿನ ನಿಂತರೆ, ಜೊತೆಗೆ ಕತ್ತಲೂ ಅಲುಗದ ಗಾಳಿಯೂ ಇದ್ದರೆ, ಅದು ಮೊಳೆಯುತ್ತದೆ. ಗಾಜಿನ ಮೇಲೆ ಕುಳಿತ ಧೂಳು, ಬೆರಳಿನ ಜಿಡ್ಡು, ತೊಗಲು, ಬಟ್ಟೆ ಇವೇ ಅದರ ಆಹಾರ. ಬೆಳೆಯುತ್ತ ಅದು ಆಮ್ಲವನ್ನು ಸೂಸಿ ಗಾಜಿನ ಮೇಲಿನ ಲೇಪವನ್ನು ಕೊರೆಯುತ್ತದೆ. ಎಳೆಯ ಬೂಷ್ಟನ್ನು ಬಲ್ಲವರು ಮಸೂರವನ್ನು ಬಿಚ್ಚಿ ಒರೆಸಬಹುದು. ಕೊರೆದ ಗುರುತು ಮಾತ್ರ ಹೋಗುವುದಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ನ್ಯೂಗಿನಿಯ ಮಳೆಕಾಡುಗಳಲ್ಲಿ ಸೈನಿಕರ ದುರ್ಬೀನುಗಳೆಲ್ಲ ಹೀಗೆಯೇ ಕುರುಡಾಗತೊಡಗಿದಾಗ ಆಸ್ಟ್ರೇಲಿಯದ ವಿಜ್ಞಾನಿಗಳು ಇದರ ನಿವಾರಣೆಗೆಂದೇ ಸಂಶೋಧನೆಗೆ ತೊಡಗಬೇಕಾಯಿತು.

ನ್ಯೂಗಿನಿ ಎಲ್ಲಿ, ಗೊಬ್ಬೂರ ಎಲ್ಲಿ ಎನ್ನಬಹುದು. ಆದರೆ ಈ ಸೀಮೆಯ ಹಳೆಯ ಮನೆಗಳನ್ನು ನೋಡಿರಿ. ದಪ್ಪನೆಯ ಕಲ್ಲುಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ, ಕೆಳಗೆ ಶಹಾಬಾದ ಪರಸಿಯ ನೆಲ. ಬೇಸಿಗೆಯಲ್ಲಿ ಇವು ಎಷ್ಟು ತಂಪೋ ಮಳೆಗಾಲದಲ್ಲಿ ಅಷ್ಟೇ ತಣ್ಣಗೆ, ಹಸಿಹಸಿಯಾಗಿ ಇರುತ್ತವೆ. ಮಾಳಿಗೆ ಕುಡಿದ ನೀರನ್ನು ಗೋಡೆ ವಾರಗಟ್ಟಲೆ ಹಿಡಿದಿಡುತ್ತದೆ. ಕಲಬುರಗಿಯಲ್ಲಿ ಮಳೆ ಹೆಚ್ಚು ಬೀಳುವುದು ಸೆಪ್ಟೆಂಬರಿನಲ್ಲಿ. ಆ ಗೋಡೆಯೊಳಗಿನ ಅಲಮಾರಿನಲ್ಲಿ, ಶ್ರಾವಣದಿಂದ ದಸರೆಯವರೆಗೆ, ಮೂರು ಹೊದಿಕೆಯೊಳಗೆ ಮಲಗಿದ ಕ್ಯಾಮೆರಾ ತನ್ನದೇ ಒಂದು ಮಲೆನಾಡಿನಲ್ಲಿ ಇದ್ದಂತೆ. ಬಿಸಿಲ ನಾಡಿನ ಕ್ಯಾಮೆರಾ ಕೆಡುವುದು ಪ್ರವಾಸದಲ್ಲಿ ಕಡಿಮೆ, ಮನೆಯಲ್ಲಿಯೇ ಹೆಚ್ಚು ಎಂಬುದು ನಮ್ಮ ಅಭಿಪ್ರಾಯ. ಪ್ರವಾಸದಲ್ಲಿ ಅದರ ಮೇಲೆ ಎಲ್ಲರ ಕಣ್ಣಿರುತ್ತದೆ. ಮನೆಯಲ್ಲಿ ಅದು ಭದ್ರವಾಗಿದೆ ಎಂಬ ನಂಬಿಕೆಯಷ್ಟೇ ಇರುತ್ತದೆ.

ವಿಶೇಷವೆಂದರೆ, ಇದಕ್ಕೆ ಬೇಕಾದ ತಿಳಿವಳಿಕೆ ಈ ನೆಲದ ಒಕ್ಕಲಿಗರಿಗೆ ಹೊಸದೇನೂ ಅಲ್ಲ. ಉತ್ತರ ಕರ್ನಾಟಕದಲ್ಲಿ ಹಿಂದೆ ಜೋಳವನ್ನು ಹಗೇವಿನಲ್ಲಿ, ಎಂದರೆ ನೆಲದೊಳಗಿನ ಕಣಜದಲ್ಲಿ ತುಂಬಿಡುತ್ತಿದ್ದರು. ಹಗೇವಿಗೆ ಹಾಕುವ ಮೊದಲು ಕಾಳನ್ನು ಕಣದಲ್ಲಿ ಒಣಗಿಸಿ, ಹಲ್ಲಿನಲ್ಲಿ ಕಡಿದು ಕಟಕ್ಕೆಂದಿತೋ ಇಲ್ಲವೋ ಎಂದು ನೋಡುವುದು ವಾಡಿಕೆ. ಹಸಿಯಿದ್ದ ಕಾಳನ್ನು ಮುಚ್ಚಿದರೆ ಮುಚ್ಚಿದಷ್ಟೂ ಕೇಡು. ಯಜಮಾನರಿಗೆ ನಾವು ಹೇಳಿದ್ದೂ ಇಷ್ಟೇ: ಕ್ಯಾಮೆರಾವನ್ನೂ ಮೊದಲು ಒಣಗಿಸಿ ಆಮೇಲೆ ಮುಚ್ಚಬೇಕು. ಅವರು ನಕ್ಕು, "ಜ್ವಾಳದ ಲೆಕ್ಕ ಇದಕ್ಕೂ ಬಂತಲ್ಲ!" ಎಂದರು.

ಮುಚ್ಚುವುದು ಹೇಗೆ? ಬಾಯಿಗೆ ರಬ್ಬರಿನ ಅಂಚುಳ್ಳ, ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ ಒಂದು ಸಾಕು. ಅದರೊಳಗೆ ಸಿಲಿಕಾ ಜೆಲ್ ಹರಳುಗಳ ಚೀಲ, ಒಂದು ಸಣ್ಣ ಆರ್ದ್ರತಾ ಮಾಪಕ. ಐದು ಲೀಟರಿನ ಡಬ್ಬಿಯ ಗಾಳಿ ಎಷ್ಟು ಹಸಿಯಾಗಿದ್ದರೂ ಅದರಲ್ಲಿರುವ ನೀರು ಒಂದು ಗ್ರಾಮಿನ ಎಂಟನೆಯ ಒಂದು ಭಾಗದಷ್ಟು ಮಾತ್ರ. ಐವತ್ತು ಗ್ರಾಂ ಹರಳಿಗೆ ಅದು ಯಾವ ಲೆಕ್ಕವೂ ಅಲ್ಲ. ನಿಜವಾದ ನೀರನ್ನು ಒಳಗೆ ತರುವವು ತೊಗಲಿನ ಚೀಲ, ಹೆಗಲಪಟ್ಟಿ, ಒರೆಸುವ ಬಟ್ಟೆ. ಆದ್ದರಿಂದ ಕ್ಯಾಮೆರಾವನ್ನು ಚೀಲದಿಂದ ತೆಗೆದೇ ಡಬ್ಬಿಯಲ್ಲಿಡಬೇಕು. ಚೀಲ ಬೇರೆ ಕಡೆ ನೇತಾಡಲಿ. ಬ್ಯಾಟರಿ ಸೆಲ್‌ಗಳನ್ನೂ ಹೊರಗೆ ತೆಗೆದಿಡುವುದು ಒಳ್ಳೆಯದು.

ಮಾಪಕದ ಮುಳ್ಳು ೪೦ರಿಂದ ೫೦ರ ನಡುವೆ ಇದ್ದರೆ ಸಾಕು. ೩೦ಕ್ಕಿಂತ ಕೆಳಗೆ ಹೋದರೆ ರಬ್ಬರು, ತೊಗಲು, ಒಳಗಿನ ಎಣ್ಣೆ ಒಣಗಿ ಬೇರೆ ತೊಂದರೆ. ಬೇಸಿಗೆಯಲ್ಲಿ ಗೊಬ್ಬೂರಿನಲ್ಲಿ ಹರಳಿನ ಅಗತ್ಯವೇ ಇಲ್ಲ. ಮಾಪಕ ಸಿಗದಿದ್ದರೆ ಅಡಿಗೆಮನೆಯ ಉಪ್ಪೇ ಒಂದು ಮಾಪಕ: ಶುದ್ಧವಾದ ಉಪ್ಪು ಆರ್ದ್ರತೆ ಶೇಕಡಾ ೭೫ ಮೀರಿದಾಗ ನೀರೊಡೆಯುತ್ತದೆ, ಹರಳುಪ್ಪು ಇನ್ನೂ ಮೊದಲೇ ಒದ್ದೆಯಾಗುತ್ತದೆ. ಭರಣಿಯ ಉಪ್ಪು ಕರಗತೊಡಗಿತೆಂದರೆ ಬೂಷ್ಟಿನ ಗಡಿ ಆಗಲೇ ದಾಟಿದೆ ಎಂದು ತಿಳಿಯಬೇಕು.

ಹರಳುಗಳು ತಮ್ಮ ತೂಕದ ಸುಮಾರು ಮೂರನೆಯ ಒಂದು ಭಾಗದಷ್ಟು ನೀರನ್ನು ಹೀರಬಲ್ಲವು. ನೀಲಿ ಹರಳು ಹಸಿಯಾದಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಸುಮಾರು ೧೨೦ ಡಿಗ್ರಿಯ ಕಾವಿನಲ್ಲಿ ಎರಡು ಗಂಟೆ ಒಣಗಿಸಿದರೆ ಮತ್ತೆ ನೀಲಿ. ಒಲೆಯ ಮೇಲೆ ಮರಳು ಕಾಯಿಸಿ ಜೋಳದ ಅಳ್ಳು ಹುರಿಯುವ ನಮ್ಮ ತಾಯಂದಿರಿಗೆ ಈ ಕೆಲಸ ಕಷ್ಟವಲ್ಲ. ಆದರೆ ನೀಲಿ ಬಣ್ಣ ಕೊಡುವ ಕೋಬಾಲ್ಟಿನ ಲವಣ ವಿಷಕಾರಿ. ಅಡಿಗೆಯ ಬೋಗುಣಿ ಬೇಡ, ಹಳೆಯ ತಗಡಿನ ಡಬ್ಬಿ ಇರಲಿ. ಮಕ್ಕಳ ಕೈಗೆ ಸಿಗದಿರಲಿ. ಕಿತ್ತಳೆ ಬಣ್ಣದ ಹರಳುಗಳು ಸಾಮಾನ್ಯವಾಗಿ ಕೋಬಾಲ್ಟ್ ಇಲ್ಲದವು, ಅವೇ ಮೇಲು. ಕ್ಯಾಮೆರಾವನ್ನು ಅಕ್ಕಿಯಲ್ಲಿ ಹುಗಿದಿಡುವವರನ್ನೂ ಕಂಡಿದ್ದೇವೆ. ಅಕ್ಕಿ ತೇವ ಹೀರುವುದು ಅಲ್ಪ, ಅದರ ಹಿಟ್ಟುಧೂಳು ಒಳಸೇರುವುದು ಬಹಳ. ಡಾಂಬರುಗುಳಿಗೆಯೂ ಬೇಡ, ಅದರ ಆವಿ ಗಾಜಿನ ಮೇಲೆ ಕೂರುತ್ತದೆ.

ಯಜಮಾನರ ಮಗ ಬೆಂಗಳೂರಿನಿಂದ ತನ್ನ ಡಿಜಿಟಲ್ ಕ್ಯಾಮೆರಾ ತಂದಿದ್ದನು. ಅದನ್ನೇ ಡಬ್ಬಿಯಲ್ಲಿಟ್ಟುಕೊಂಡು, ಹಳೆಯದನ್ನು ದುರಸ್ತಿಗೆಂದು ಬೇರೆ ಇಟ್ಟು, ಜೇವರ್ಗಿಯ ಮಾರ್ಗವಾಗಿ ಹೊರಟೆವು. ಸಂಜೆಗೆ ಕೂಡಲಸಂಗಮ. ಕೃಷ್ಣೆ ಮಲಪ್ರಭೆಯರು ಕೂಡುವಲ್ಲಿ ಆಗ ನೀರೇ ನೀರು. ಹವಾನಿಯಂತ್ರಿತ ವಾಹನದಿಂದ ಇಳಿದೊಡನೆ ಹುಡುಗ ಕ್ಯಾಮೆರಾ ಹೊರತೆಗೆದ. ಕ್ಷಣದಲ್ಲಿ ಮಸೂರದ ಮೇಲೆ ಹಬೆ ಕಟ್ಟಿತು. ತಣ್ಣನೆಯ ಗಾಜಿಗೆ ಹೊರಗಿನ ಹಸಿಗಾಳಿ ತಾಗಿದರೆ, ತಂಬಿಗೆಯ ತಣ್ಣೀರಿನ ಹೊರಮೈಯಲ್ಲಿ ಹನಿ ಮೂಡುವಂತೆ, ಇಬ್ಬನಿ ಕೂಡುತ್ತದೆ. ಹೊರಗೆ ಕಂಡದ್ದನ್ನು ಒರೆಸಬಹುದು, ಒಳಗೆ ಕೂತದ್ದನ್ನು ಒರೆಸುವುದೆಂತು? ವಾಹನ ನಿಲ್ಲುವ ಅರ್ಧ ಗಂಟೆ ಮೊದಲೇ ಯಂತ್ರದ ತಂಪನ್ನು ನಿಲ್ಲಿಸಬೇಕು. ಇಲ್ಲವೇ ಕ್ಯಾಮೆರಾವನ್ನು ಬಾಯಿ ಬಿಗಿದ ಪ್ಲಾಸ್ಟಿಕ್ ಚೀಲದಲ್ಲಿಟ್ಟೇ ಹೊರತಂದು, ಅದು ಹೊರಗಿನ ಕಾವಿಗೆ ಬರುವವರೆಗೆ ತಾಳಬೇಕು. ಆಗ ಹನಿ ಚೀಲದ ಮೇಲೆ ಮೂಡುತ್ತದೆ, ಗಾಜಿನ ಮೇಲಲ್ಲ. ಅಷ್ಟರಲ್ಲಿ ನಾವು ಬಾವಿಯಂತಹ ಕಟ್ಟಡದ ಮೆಟ್ಟಿಲಿಳಿದು ಬಸವಣ್ಣನವರ ಐಕ್ಯಸ್ಥಳದ ದರ್ಶನ ಮಾಡಿ ಬಂದೆವು. ಚಿತ್ರ ತಡವಾಯಿತು, ಕೇಡೇನಾಗಲಿಲ್ಲ.

ಧಾರವಾಡ, ಹಳಿಯಾಳ, ದಾಂಡೇಲಿ, ಜೋಯಿಡಾ. ದಾರಿ ಸಾಗಿದಂತೆಲ್ಲ ಆಕಾಶ ಕೆಳಗಿಳಿಯುತ್ತದೆ, ಕಾಡು ಮೇಲೇರುತ್ತದೆ. ಎರೆಹೊಲದ ಬಯಲಿನಿಂದ ಬಂದವರಿಗೆ ಉಳವಿಯ ಶ್ರಾವಣ ಇನ್ನೊಂದು ಲೋಕವೇ ಸರಿ. ಕಲ್ಲೆಲ್ಲ ಪಾಚಿ, ಮರವೆಲ್ಲ ಹಾವಸೆ. ಬೆಳಿಗ್ಗೆ ಹಿಂಡಿ ಹರವಿದ ಧೋತರ ಮರುದಿನವೂ ಹಸಿ. ಕಡ್ಡಿಪೆಟ್ಟಿಗೆ ಗೀರಿದರೆ ಹೊತ್ತುವುದಿಲ್ಲ, ಬುತ್ತಿಯ ಹಪ್ಪಳ ಬಟ್ಟೆಯಂತೆ ಮಡಚುತ್ತದೆ. ಕಲ್ಯಾಣದ ವಿಪ್ಲವದ ತರುವಾಯ, ೧೨ನೆಯ ಶತಮಾನದಲ್ಲಿ, ಚನ್ನಬಸವಣ್ಣನವರ ಮುಂದಾಳ್ತನದಲ್ಲಿ ಶರಣರು ವಚನದ ಕಟ್ಟುಗಳನ್ನು ಹೊತ್ತು ಈ ಕಾಡಿಗೆ ಬಂದರೆಂಬುದು ನಮ್ಮ ಪರಂಪರೆಯ ನಂಬಿಕೆ. ಗುಡಿಯ ಪಡಸಾಲೆಯಲ್ಲಿ ಕುಳಿತು ಸುರಿಯುವ ಮಳೆಯನ್ನು ನೋಡುವಾಗ ನಮಗೆ ತೋಚಿದ್ದು ಇದೇ: ಈ ಹಸಿಯಲ್ಲಿ ತಾಳೆಗರಿ ಉಳಿದೀತು ಹೇಗೆ?

ತಾಳೆಗರಿಯನ್ನು ಕಾಪಾಡಿದ ಕ್ರಮ ಹಳೆಯ ಮಠಮನೆಗಳವರಿಗೆ ಗೊತ್ತು. ಗರಿಗೆ ಎಣ್ಣೆ ಸವರಿ, ಎರಡು ಹಲಗೆಗಳ ನಡುವೆ ಬಿಗಿದು, ವಸ್ತ್ರದಲ್ಲಿ ಕಟ್ಟಿಡುವುದು. ಆಗಾಗ ಬಿಚ್ಚಿ ಗಾಳಿಗೆ ಹಿಡಿಯುವುದು. ದಿನವೂ ಓದುವ ಕಟ್ಟು ಉಳಿಯಿತು, ಪೂಜೆಯ ಮಾಡದಲ್ಲಿಟ್ಟು ಬರಿಯ ಕೈಮುಗಿದ ಕಟ್ಟು ಹುಳುವಿನ ಪಾಲಾಯಿತು. ಫ.ಗು. ಹಳಕಟ್ಟಿಯವರು (೧೮೮೦–೧೯೬೪) ಮನೆಮನೆ ತಿರುಗಿ ಅಂತಹ ಕಟ್ಟುಗಳನ್ನು ಕಲೆಹಾಕಿ ೧೯೨೩ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗವನ್ನು ಹೊರತರದಿದ್ದರೆ ಇನ್ನೆಷ್ಟು ವಚನಗಳು ಮಾಡಗಳಲ್ಲಿಯೇ ಮಣ್ಣಾಗುತ್ತಿದ್ದವೋ! ಆ ಮನೆಯ ಕ್ಯಾಮೆರಾಕ್ಕೆ ಹೊದಿಸಿದ್ದ ರೇಷ್ಮೆ ವಸ್ತ್ರ ಆಗ ನಮ್ಮ ನೆನಪಿಗೆ ಬಂದಿತು.

ಉಳವಿಯಲ್ಲಿದ್ದ ಎರಡು ದಿನ ಹುಡುಗನು ಕ್ಯಾಮೆರಾವನ್ನು ಚಿತ್ರ ತೆಗೆಯುವಷ್ಟು ಹೊತ್ತು ಮಾತ್ರ ಹೊರಗಿಟ್ಟ. ಅಕ್ಕನಾಗಮ್ಮನ ಗವಿಯ ಕಡೆ ಹೋದಾಗ ಕೊಡೆ ಹಿಡಿಯಲೊಬ್ಬರು, ಚಿತ್ರ ತೆಗೆಯಲೊಬ್ಬರು. ಮಸೂರವನ್ನು ಬಯಲಿನಲ್ಲಿ ಬದಲಿಸಲಿಲ್ಲ. ತಂಗಿದ ಕೋಣೆಗೆ ಬಂದೊಡನೆ ಒಣ ಹತ್ತಿಬಟ್ಟೆಯಿಂದ ಹೊರಮೈಯನ್ನು ಒತ್ತಿ ಒರೆಸಿ ಡಬ್ಬಿಗೆ ಸೇರಿಸಿದ. ಎರಡನೆಯ ರಾತ್ರಿಯ ಹೊತ್ತಿಗೆ ಕಿತ್ತಳೆ ಹರಳುಗಳ ಬಣ್ಣ ಮಾಸಿತ್ತು. ಜೊತೆಗೆ ತಂದಿದ್ದ ಒಣ ಹರಳಿನ ಚೀಲವನ್ನು ಬದಲಿಗಿಟ್ಟ. ಇಂಥ ಸೀಮೆಗೆ ಹೋಗುವವರು ಎರಡು ಜೊತೆ ಒಯ್ಯುವುದೇ ಸರಿ.

ಊರಿಗೆ ಮರಳಿದ ಮೇಲಿನ ಕೆಲಸವನ್ನು ಎಲ್ಲರೂ ಮರೆಯುತ್ತಾರೆ. ಬಟ್ಟೆಬರೆ ಒಗೆಯಲು ಹಾಕುವ ಅವಸರದಲ್ಲಿ ಕ್ಯಾಮೆರಾ ಚೀಲ ಹಾಗೆಯೇ ಅಲಮಾರು ಸೇರಿಬಿಡುತ್ತದೆ, ಉಳವಿಯ ತೇವವನ್ನು ಒಳಗಿಟ್ಟುಕೊಂಡು. ಆ ಮನೆಯ ಅವ್ವನವರು ಹಾಗಾಗಗೊಡಲಿಲ್ಲ. ಚೀಲವನ್ನೂ ಪಟ್ಟಿಯನ್ನೂ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದರು. ಕ್ಯಾಮೆರಾವನ್ನು ಮಾತ್ರ ನೆರಳಿನಲ್ಲಿ ಗಾಳಿಗಿಟ್ಟರು. ತೆರೆದ ಮಸೂರವನ್ನು ನೇರ ಸೂರ್ಯನಿಗೆ ಹಿಡಿದರೆ ಅದು ಭೂತಗನ್ನಡಿಯಂತೆ ಒಳಭಾಗವನ್ನು ಸುಟ್ಟೀತು.

ಹಳೆಯ ಕ್ಯಾಮೆರಾವನ್ನು ಕಲಬುರಗಿಯಲ್ಲಿ ಬಿಚ್ಚಿ ನೋಡಿದವರು ಅಂಚಿನ ಬೂಷ್ಟನ್ನು ತೆಗೆದುಕೊಟ್ಟರು. ನಡುವಿನ ಗಾಜಿನಲ್ಲಿ ಕೊರೆದ ಗೆರೆಗಳು ಹಾಗೆಯೇ ಉಳಿದವು. ಅದೀಗ ಡಬ್ಬಿಯ ಹೊರಗೆ, ಪಡಸಾಲೆಯ ತೆರೆದ ಮಾಡದಲ್ಲಿ ಇದೆ. ಬೂಷ್ಟು ಹಿಡಿದದ್ದನ್ನು ಹೊಸ ಕ್ಯಾಮೆರಾದೊಡನೆ ಒಂದೇ ಡಬ್ಬಿಯಲ್ಲಿಡುವುದು ತರವಲ್ಲ. ಅತ್ತೆಯವರ ಚಿತ್ರಗಳಲ್ಲಿ ಸ್ವಲ್ಪವಾದರೂ ಸ್ಪಷ್ಟವಾಗಿರುವುದೊಂದನ್ನು ಆರಿಸಿ, ಗಾಜಿಗೆ ಅಂಟದಂತೆ ನಡುವೆ ದಪ್ಪ ಕಾಗದದ ಅಂಚು ಕೊಟ್ಟು, ಚೌಕಟ್ಟು ಹಾಕಿಸಿ, ಮಾಳಿಗೆಯ ನೀರು ಜಿನುಗದ ಒಳಗೋಡೆಗೆ ತೂಗುಹಾಕಿದ್ದಾರೆ.

ಮುಂದಿನ ಸಲ ಭಾರತ ಹುಣ್ಣಿಮೆಯ ಜಾತ್ರೆಗೇ ಉಳವಿಗೆ ಹೋಗುವ ವಿಚಾರ ಅವರದು. ಆಗ ಕಾಡು ಒಣಗಿರುತ್ತದೆ. ಚಕ್ಕಡಿಗಳು ಸಾಲುಗಟ್ಟಿ ಬರುವ ದಾರಿಯಲ್ಲಿ ಚಿಂತೆಯೇನಿದ್ದರೂ ಧೂಳಿನದು.