ವಸ್ತಿ ಬಸ್ಸು

ನಮ್ಮ ಗೋಕಾಕ ಸೀಮೆಯಲ್ಲಿ ‘ವಸ್ತಿ ಬಸ್ಸು’ ಎಂಬ ಮಾತು ಇಂದಿಗೂ ಬಳಕೆಯಲ್ಲಿದೆ. ಸಂಜೆ ಹಳ್ಳಿಗೆ ಬಂದು, ಇರುಳೆಲ್ಲ ಅಲ್ಲಿಯೇ ತಂಗಿ, ನಸುಕಿನಲ್ಲಿ ಹೊರಡುವ ಬಸ್ಸಿಗೆ ಆ ಹೆಸರು. ಯಂತ್ರವನ್ನೂ ಅತಿಥಿಯಂತೆ ಕಂಡವರು ನಮ್ಮ ಜನ. ಮೋಟಾರು ನಮ್ಮ ಬಾಳಿಗೆ ಏನನ್ನು ತಂದಿತು, ಏನನ್ನು ಕೊಂಡೊಯ್ಯಿತು ಎಂದು ಯೋಚಿಸುವಾಗಲೆಲ್ಲ ನಮಗೆ ಈ ಮಾತೇ ನೆನಪಾಗುತ್ತದೆ.

ಕೊಣ್ಣೂರಿಗೆ ಯಂತ್ರ ಹೊಸದಲ್ಲ. ಜರ್ಮನಿಯ ಕಾರ್ಲ್ ಬೆಂಜ್ 1886ರಲ್ಲಿ ಮೋಟಾರು ಗಾಡಿಗೆ ಪೇಟೆಂಟ್ ಪಡೆದ ಸುಮಾರಿಗೇ ನಮ್ಮ ನೆರೆಯ ಗೋಕಾಕ ಫಾಲ್ಸದಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿತ್ತು. ರೈಲೂ ಬಂದಿತ್ತು. ‘ಗೋಕಾಕ ರೋಡ್’ ಎಂಬ ನಿಲ್ದಾಣದ ಹೆಸರೇ ವಿನೋದದ್ದು: ಗೋಕಾಕ ಇಲ್ಲಿಲ್ಲ, ಅಲ್ಲಿಗೆ ಹೋಗುವ ಹಾದಿಯಷ್ಟೇ ಇದೆ ಎಂದು ಅದರ ಅರ್ಥ! ಇಳಿದವರು ಬಂಡಿ ಹುಡುಕಬೇಕು, ಇಲ್ಲವೆ ನಡೆಯಬೇಕು. ರೈಲು ಯಾರ ಮನೆಬಾಗಿಲಿಗೂ ಬರಲಿಲ್ಲ, ಬಂದದ್ದು ಮೋಟಾರು.

ಅದಕ್ಕೆ ಮೊದಲು ದಾರಿಯ ಅಳತೆ ಎತ್ತಿನ ಕಾಲಿನದಾಗಿತ್ತು. ಹಿರಿಯರು ದೂರವನ್ನು ಹರದಾರಿಯಲ್ಲಿ ಹೇಳುತ್ತಿದ್ದರು. ಹೆಣ್ಣು ಕೊಡುವಾಗಲೂ ಬಂಡಿ ಒಂದು ದಿನದಲ್ಲಿ ಮುಟ್ಟುವ ಊರಾದರೆ ಲೇಸೆಂಬ ಲೆಕ್ಕವಿತ್ತು. ನಾಗಪಂಚಮಿ ಸಮೀಪಿಸಿತೆಂದರೆ ನಮ್ಮ ತಂದೆಯವರು ಎತ್ತುಗಳ ಮೈ ತೊಳೆದು, ಕೊರಳಿಗೆ ಗೆಜ್ಜೆಸರ ಕಟ್ಟಿ, ಬಂಡಿಯಲ್ಲಿ ಹುಲ್ಲು ಹಾಸಿ, ಅದರ ಮೇಲೆ ಕೌದಿ ಹರವಿ ಅಕ್ಕನನ್ನು ಕರೆತರಲು ಹೊರಡುತ್ತಿದ್ದರು. ಬುತ್ತಿಯ ಗಂಟನ್ನು ಕಾಯುವ ಕೆಲಸ ನಮ್ಮದು. ಬೀಗರ ಮನೆಯಲ್ಲಿ ಒಂದು ವಸ್ತಿಯಾದರೂ ಆಗಲೇಬೇಕು, ಎತ್ತು ದಣಿದಿರುತ್ತವೆ. ಆ ಇರುಳು ಪಡಸಾಲೆಯಲ್ಲಿ ಕುಳಿತು ಬೀಗರಿಬ್ಬರೂ ಹಗಲಿನಲ್ಲಿ ಆಡಲಾಗದ ಮಾತುಗಳನ್ನು ಆಡುತ್ತಿದ್ದರು. ಎಷ್ಟೋ ಮುನಿಸುಗಳು ಎತ್ತಿನ ದಣಿವಿನ ದೆಸೆಯಿಂದ ತೀರಿದ್ದನ್ನು ನಾವು ಕಂಡಿದ್ದೇವೆ. ಬಂದ ಅಕ್ಕ ಜೋಕಾಲಿ ಇಳಿಸುವವರೆಗೂ ತವರಿನಲ್ಲಿಯೇ ಇರುತ್ತಿದ್ದಳು.

ಮೈಸೂರು ರಾಜ್ಯ ರಸ್ತೆ ಸಾರಿಗೆ ನಿಗಮ ಹುಟ್ಟಿದ್ದು 1961ರಲ್ಲಿ, ಹೆಚ್ಚುಕಡಿಮೆ ನಮ್ಮ ವಯಸ್ಸೇ ಅದಕ್ಕೂ. ನಮ್ಮ ಸೋದರಮಾವನ ಹಳ್ಳಿಗೆ ಅದರ ವಸ್ತಿ ಬಸ್ಸು ಬರುತ್ತಿತ್ತು. ಚಾಲಕ, ನಿರ್ವಾಹಕರಿಗೆ ಒಂದೊಂದು ದಿನ ಒಂದೊಂದು ಮನೆಯಿಂದ ರೊಟ್ಟಿ, ಪಲ್ಯ, ಮಜ್ಜಿಗೆ. ಪೇಟೆಯ ಧಾರಣೆ, ದೂರದ ಊರಿನ ಸುದ್ದಿ, ಯಾರದೋ ಮನೆಗೆ ಮುಟ್ಟಿಸಬೇಕಾದ ಔಷಧ ಎಲ್ಲವೂ ಅವರ ಕೈಯಿಂದಲೇ. 1973ರಲ್ಲಿ ನಿಗಮದ ಹೆಸರು ಕರ್ನಾಟಕವೆಂದಾಯಿತು, 1997ರಲ್ಲಿ ನಮ್ಮ ಭಾಗಕ್ಕೆ ವಾಯವ್ಯ ನಿಗಮ ಬೇರೆಯಾಯಿತು. ಊರವರ ಬಾಯಲ್ಲಿ ಅದು ವಸ್ತಿ ಬಸ್ಸೇ.

ಹೀಗೆಂದು ಬಂಡಿಯ ಕಾಲವೇ ಚೆನ್ನಾಗಿತ್ತೆನ್ನುವವರ ಸಾಲಿನಲ್ಲಿ ನಾವು ನಿಲ್ಲಲಾರೆವು. ನಮ್ಮ ಅಕ್ಕನಿಗೆ ಚೊಚ್ಚಲ ಹೆರಿಗೆಯ ಬೇನೆ ಕಾಣಿಸಿಕೊಂಡದ್ದು ಮಳೆಗಾಲದ ನಡುರಾತ್ರಿ. ಸೂಲಗಿತ್ತಿ ಕೈಚೆಲ್ಲಿದಳು. ಎರೆಮಣ್ಣಿನ ಕೆಸರಿನಲ್ಲಿ ಗಾಲಿ ಹೂತಾಗಲೆಲ್ಲ ತಂದೆಯವರು ಇಳಿದು ಹೆಗಲು ಕೊಟ್ಟರು. ಕಂದೀಲು ಹಿಡಿದು ಮುಂದೆ ನಡೆದವರು ನಾವು. ಆಸ್ಪತ್ರೆ ಮುಟ್ಟಿದಾಗ ಹೊತ್ತು ಮೂಡಿತ್ತು. ಅಕ್ಕ ಉಳಿದಳು, ಕೂಸು ಉಳಿಯಲಿಲ್ಲ. 2008ರಲ್ಲಿ 108ರ ಆಂಬುಲೆನ್ಸ್ ರಾಜ್ಯಕ್ಕೆ ಬಂದಿತು. ಅಕ್ಕನ ಮೊಮ್ಮಗಳನ್ನು ಅಂತಹುದೇ ಒಂದು ಇರುಳು ಆ ವಾಹನ ಕರೆದೊಯ್ದಾಗ ಅಕ್ಕ ಬಾಗಿಲಲ್ಲಿ ನಿಂತು ಕೈಮುಗಿದದ್ದು ದೇವರಿಗೋ ಗಾಡಿಗೋ ನಮಗೆ ತಿಳಿಯಲಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನ ಟಿಕೆಟ್ಟಿನ ದುಡ್ಡೂ ಇಲ್ಲ. ಗಂಡನ ಮುಂದೆ ಕೈಚಾಚದೆ ತವರಿಗೆ ಹೋಗಿಬರುವ ಸೊಸೆಯರನ್ನು ಕಂಡು ಗೊಣಗುವ ಹಿರಿಯರು ಆ ಗೊಣಗಾಟವನ್ನು ಬಿಡುವುದೊಳಿತು.

ಆದರೆ ಅದೇ ಪಂಚಮಿಗೆ ಈಗ ಮಗಳು ಬೆಳಿಗ್ಗೆ ಅಳಿಯನ ಬೈಕಿನ ಮೇಲೆ ಬಂದು, ಉಂಡಿ ತಿಂದು, ಸಂಜೆ ದೀಪ ಹಚ್ಚುವ ಮುನ್ನ ಹೊರಟಿರುತ್ತಾಳೆ. ಬರುವುದು ಸುಲಭವಾದಷ್ಟೂ ಇರುವುದು ಕಷ್ಟವಾಗಿದೆ. ಇದನ್ನು ಅನ್ಯರ ಮೇಲೆ ಹೊರಿಸಿ ಹೇಳುವ ಅಧಿಕಾರ ನಮಗಿಲ್ಲ. ಮಠದ ಪಾಠಶಾಲೆಯಲ್ಲಿದ್ದಾಗ ವರುಷಕ್ಕೆ ಎರಡು ಸಲ ಬಸ್ಸಿನಲ್ಲಿ ಊರಿಗೆ ಬಂದರೆ ವಾರವಿರುತ್ತಿದ್ದ ನಾವು, ಬೆಳಗಾವಿಯಲ್ಲಿ ನೆಲೆಸಿದ ಮೇಲೆ ಭಕ್ತರ ಕಾರಿನಲ್ಲಿ ಹತ್ತು ಸಲ ಬಂದೆವು, ಹತ್ತು ಸಲವೂ ಅಂದೇ ಮರಳಿದೆವು. ಒಮ್ಮೆ ಗೋಕಾಕದಲ್ಲಿ ಉಪನ್ಯಾಸ ಮುಗಿಸಿ ಕೊಣ್ಣೂರಿಗೆ ಬಂದಾಗ ಕತ್ತಲಾಗಿತ್ತು. ತಾಯಿಯವರು ಪಡಸಾಲೆಯಲ್ಲಿ ಕೌದಿ ಹಾಸಿದ್ದರು.

‘ಇವತ್ತರೆ ವಸ್ತಿ ಇರತೀಯಲ್ಲೋ ತಮ್ಮಾ?’

‘ಗಾಡಿ ನಿಂತೈತಿ ಯವ್ವಾ, ಹೋಗಬೇಕು’ ಎಂದೆವು.

ಅವರು ಮತ್ತೇನೂ ಕೇಳಲಿಲ್ಲ. ಚಾಲಕನಿಗೂ ಎರಡು ರೊಟ್ಟಿ ಕಟ್ಟಿಕೊಟ್ಟರು. ಮುಂದಿನ ಅಮಾವಾಸ್ಯೆಯೊಳಗೆ ಅವರು ಲಿಂಗೈಕ್ಯರಾದರು. ಅಂದು ಬೆಳಗಾವಿಯನ್ನು ಎರಡು ತಾಸಿನೊಳಗೆ ಮುಟ್ಟಿದ್ದೆವು. ಬೆಳಗಾಗುವವರೆಗೆ ಅಲ್ಲಿ ನಮಗೆ ಮಾಡಬೇಕಾದ ಕೆಲಸ ಯಾವುದೂ ಇರಲಿಲ್ಲ.